ಮರಳಿಗೆ ಬಿಡಬೇಕಾದ ದಾರಿ

ಮರವಂತೆಯಲ್ಲಿ ಒಂದು ಪಾರ್ಶ್ವಕ್ಕೆ ಸೌಪರ್ಣಿಕೆಯೂ ಮತ್ತೊಂದು ಪಾರ್ಶ್ವಕ್ಕೆ ಅರಬ್ಬೀ ಸಮುದ್ರವೂ ಇದ್ದು, ನಡುವಣ ಕಿರಿದಾದ ನೆಲದ ಮೇಲೆ ಹೆದ್ದಾರಿ ಹಾದುಹೋಗುವ ದೃಶ್ಯವನ್ನು ಕಂಡವರು ಅದರ ಚೆಲುವಿಗೆ ಮಾರುಹೋಗದಿರಲಾರರು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದಲ್ಲಿ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾರಸವು ತಣಿದು ಸ್ತಂಭಗಳಾಗಿ ನಿಂತಿರುವುದನ್ನು ನೋಡಿದವರಿಗಂತೂ ಈ ಕರಾವಳಿ ಚಿರಂತನವೆಂದೇ ತೋರುತ್ತದೆ. ಆದರೆ ಶಿಲೆ ಎಷ್ಟು ಸ್ಥಿರವೋ ಮರಳು ಅಷ್ಟೇ ಚಂಚಲ. ಮೂರು ಜಿಲ್ಲೆಗಳ ಸುಮಾರು 300 ಕಿಲೋಮೀಟರ್ ತೀರದಲ್ಲಿ ನಮ್ಮ ಜನ ಬಹುವಾಗಿ ಬಾಳುತ್ತಿರುವುದು ಆ ಮರಳಿನ ಆಶ್ರಯದಲ್ಲಿ. ಅದರ ಸ್ವಭಾವವನ್ನರಿಯದೆ ಅದನ್ನು ಕಲ್ಲಿನಿಂದ ಕಟ್ಟಿಹಾಕಲು ಹೊರಟಿರುವ ನೀತಿಯನ್ನು ನಾವು ಇನ್ನಾದರೂ ತ್ಯಜಿಸತಕ್ಕದ್ದು.

ಮುಂಗಾರಿನ ಉಗ್ರ ತೆರೆಗಳು ದಂಡೆಯ ಮರಳನ್ನು ಸೆಳೆದೊಯ್ದು ತುಸು ದೂರದ ಕಡಲತಳದಲ್ಲಿ ದಿಬ್ಬವಾಗಿ ಇರಿಸುತ್ತವೆ; ಹಿಂದೆ ಬರುವ ತೆರೆಗಳು ಆ ದಿಬ್ಬದ ಮೇಲೆಯೇ ಒಡೆದು ಬಲಗುಂದುತ್ತವೆ; ಮಳೆಗಾಲ ಕಳೆದು ಸಮುದ್ರ ಪ್ರಶಾಂತವಾದ ಮೇಲೆ ಮೆಲುದೆರೆಗಳು ಅದೇ ಮರಳನ್ನು ಮರಳಿ ದಡಕ್ಕೆ ತಂದೊಪ್ಪಿಸುತ್ತವೆ. ಸಹ್ಯಾದ್ರಿಯಿಂದಿಳಿಯುವ ನದಿಗಳು ಅಳಿವೆಗಳ ಮೂಲಕ ಹೊಸ ಮರಳನ್ನು ತಂದು ಸೇರಿಸುತ್ತವೆ; ಅದು ತೀರದುದ್ದಕ್ಕೂ ಊರಿಂದೂರಿಗೆ ಚಲಿಸುತ್ತದೆ. ಅಡುಂಬು ಬಳ್ಳಿಯೂ ರಾವಣನ ಮೀಸೆ ಎಂಬ ಹುಲ್ಲೂ ಗಾಳಿಗೆ ಹಾರುವ ಮರಳನ್ನು ತಡೆದು ದಂಡೆಯ ಹಿಂದೆ ದಿಣ್ಣೆಗಳನ್ನು ಕಟ್ಟುತ್ತವೆ.

ಈ ಸಂಚಾರಕ್ಕೆ ಅಡ್ಡಬಂದವರು ನಾವು. ನದಿಗೆ ಅಣೆಕಟ್ಟುಗಳನ್ನು ಕಟ್ಟಿ, ಅದರ ಪಾತ್ರದ ಮರಳನ್ನು ಲಾರಿಗಳಲ್ಲಿ ಸಾಗಿಸಿ, ಕಡಲಿಗೆ ಸಲ್ಲತಕ್ಕುದನ್ನು ನಡುದಾರಿಯಲ್ಲೇ ಅಪಹರಿಸಿದೆವು. ದೋಣಿಗಳ ಸುರಕ್ಷಿತ ಸಂಚಾರಕ್ಕೆಂದು ಅಳಿವೆಗಳಲ್ಲಿ ಬ್ರೇಕ್‌ವಾಟರ್‌ಗಳನ್ನು ಕಟ್ಟಿದ ಉದ್ದೇಶ ಸಾಧುವೇ ಆದರೂ, ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವೆಡೆಯಲ್ಲಿ ಅವು ಎದ್ದ ಬಳಿಕ ಬೆಂಗ್ರೆಯ ಕಡೆ ಮರಳು ಸಂಚಯಗೊಂಡು ಉಳ್ಳಾಲದ ದಂಡೆ ಸವೆಯಿತು. ಅಲ್ಲಿಂದ ಮುಂದೆ ಕಲ್ಲಿನ ಕಾಲ. ಬಂಡೆಗಳ ಗೋಡೆಗೆ ಅಪ್ಪಳಿಸಿದ ತೆರೆ ತನ್ನ ಬಲವನ್ನು ಪೂರ್ತಿಯಾಗಿ ಕಳೆದುಕೊಳ್ಳದೆ ಹಿಂದಿರುಗುತ್ತ ಗೋಡೆಯ ಬುಡದ ಮರಳನ್ನೇ ತೋಡುತ್ತದೆ. ಬುಡ ಸಡಿಲಗೊಂಡು ಬಂಡೆಗಳು ಕುಸಿಯುತ್ತವೆ. ಗೋಡೆ ಮುಗಿಯುವಲ್ಲಿ ಕೊರೆತ ಇಮ್ಮಡಿಯಾಗಿ ನೆರೆಯೂರನ್ನು ಹಿಡಿಯುತ್ತದೆ. ಮರುವರ್ಷ ಅಲ್ಲಿಂದಲೂ ಕಲ್ಲಿಗೆ ಬೇಡಿಕೆ ಬರುತ್ತದೆ.

ಗೋಡೆಯಿಂದಾಗುವ ನಷ್ಟ ಇಷ್ಟಕ್ಕೇ ನಿಲ್ಲದು. ಕೈರಂಪಣಿಯವರು ನಾಡದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದು, ಅದರ ಎರಡೂ ತುದಿಗಳ ಹಗ್ಗವನ್ನು ಹಿಡಿದು ಎರಡು ಸಾಲಾಗಿ ಹಿಂಹೆಜ್ಜೆಯಿಡುತ್ತ, ಬಂಗುಡೆ ಬೂತಾಯಿಗಳ ರಾಶಿಯನ್ನು ದಡಕ್ಕೆಳೆಯಬೇಕಾದರೆ ಕಾಲ ಕೆಳಗೆ ವಿಶಾಲವಾದ ಮರಳು ಬೇಕು. ಬಂಡೆಗಳ ಮೇಲೆ ಬಲೆಯೆಳೆಯಲಾಗದು, ದೋಣಿಯೇರಿಸಲಾಗದು, ಮೀನೊಣಗಿಸಲೂ ಆಗದು. ಮನೆಯನ್ನುಳಿಸಲು ಕಟ್ಟಿದ ಗೋಡೆ ಆ ಮನೆಯ ಅನ್ನವನ್ನು ಕಸಿಯುವುದಾದರೆ ಅದನ್ನು ರಕ್ಷಣೆಯೆಂದು ಕರೆಯಲು ಮನಸ್ಸೊಪ್ಪದು.

ಆಷಾಢದ ರಾತ್ರಿಯಲ್ಲಿ ತೆಂಗಿನ ಮರಗಳು ಒಂದೊಂದಾಗಿ ಉರುಳುವಾಗ ಮನೆಯವರಿಗೆ ಶಾಸ್ತ್ರ ಹೇಳುತ್ತ ಕೂರುವುದು ನಿರ್ದಯವೆಂಬುದನ್ನು ಬಲ್ಲೆ. ಆಪತ್ಕಾಲದಲ್ಲಿ ಕಲ್ಲು ಬೇಕಾದೀತು. ಆಪದ್ಧರ್ಮವೇ ನಿತ್ಯಧರ್ಮವಾಗಬಾರದೆಂಬುದಷ್ಟೇ ನನ್ನ ವಾದ. 1901ರಿಂದ 2018ರವರೆಗೆ ಜಾಗತಿಕ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಏರುವ ವೇಗವೂ ಹೆಚ್ಚುತ್ತಿದೆ. ಇಂತಹ ಕಾಲದಲ್ಲಿ, ಗ್ರಾಮೀಣ ತೀರಗಳಲ್ಲಿ ಭರತರೇಖೆಯಿಂದ 200 ಮೀಟರ್‌ವರೆಗಿದ್ದ ನಿರ್ಮಾಣ ನಿಷೇಧವನ್ನು 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ ಜನದಟ್ಟಣೆಯ ಪ್ರದೇಶಗಳಿಗೆ 50 ಮೀಟರಿಗೆ ಇಳಿಸಿದ್ದು ದೂರದೃಷ್ಟಿಯ ಲಕ್ಷಣವಲ್ಲ.

ಆದುದರಿಂದ ಉಳ್ಳಾಲಕ್ಕೊಂದು, ಮರವಂತೆಗೊಂದು ಎಂದು ಬಿಡಿ ಕಾಮಗಾರಿಗಳನ್ನು ಮಂಜೂರು ಮಾಡುವ ಪದ್ಧತಿಯನ್ನು ಬಿಟ್ಟು, ಕಾರವಾರದಿಂದ ತಲಪಾಡಿಯವರೆಗಿನ ತೀರವನ್ನು ಒಂದೇ ಶರೀರವೆಂದು ಭಾವಿಸಿ ಯೋಜಿಸಬೇಕು. ಅಳಿವೆಗಳಲ್ಲಿ ಹೂಳೆತ್ತಿದ ಮರಳನ್ನು ಮಾರದೆ ಸವೆದ ದಂಡೆಗೇ ಸಲ್ಲಿಸಬೇಕು. ನದೀಪಾತ್ರದ ಲೂಟಿಯನ್ನು ನಿಲ್ಲಿಸಬೇಕು. ದಿಣ್ಣೆಗಳ ಮೇಲೆ ರೆಸಾರ್ಟು ಏಳಗೊಡದೆ ಬಳ್ಳಿ ಹಬ್ಬಗೊಡಬೇಕು. ತೀರಾ ಅಂಚಿನಲ್ಲಿರುವ ಮೀನುಗಾರ ಕುಟುಂಬಗಳಿಗೆ, ಅವರು ಒಪ್ಪಿದಲ್ಲಿ, ಕಡಲಿಗೆ ನಡೆದುಹೋಗುವಷ್ಟು ಸಮೀಪದಲ್ಲೇ ಸುರಕ್ಷಿತ ನಿವೇಶನ ಕೊಡಬೇಕು. ಪ್ರತಿ ಮಳೆಗಾಲದಲ್ಲಿ ನೀರುಪಾಲಾಗುತ್ತಿರುವ ಕಲ್ಲಿನ ಹಣವನ್ನು ಈ ಕಾರ್ಯಗಳಿಗೆ ತಿರುಗಿಸುವ ಧೈರ್ಯವನ್ನು ಸರ್ಕಾರ ತೋರಲಿ. ಹಾಗೆ ತೋರುವಂತೆ ಒತ್ತಾಯಿಸುವ ಹೊಣೆ ಕರಾವಳಿಯ ಮತದಾರರಾದ ನಮ್ಮದು.