ಕ್ರಯಪತ್ರದ ಹೆಬ್ಬೆಟ್ಟು, ಬ್ಯಾಂಕಿನ ಖಾತೆ: ರೈತರು ಮತ್ತು ಪರಿಕರ ಮಾರಾಟಗಾರರು ಗಮನಿಸಬೇಕಾದ ವಿಚಾರ

ಒಟಿಪಿಯನ್ನು ಯಾರಿಗೂ ಹೇಳಬಾರದೆಂಬ ತಿಳಿವಳಿಕೆ ಈಗ ಹಳ್ಳಿಗಳಿಗೂ ತಲುಪಿದೆ. ಆದರೆ ಒಟಿಪಿಯೇ ಬೇಡದ ಕಳವೊಂದಿದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಉಳಿತಾಯ ಖಾತೆಗಳಿಂದ, ಅವರಿಗೆ ಯಾವ ಕರೆಯೂ ಬಾರದೆಯೇ, ಹಣ ಹೋಯಿತು. ಕಾವೇರಿ ಜಾಲತಾಣದಿಂದ ಇಳಿಸಿಕೊಳ್ಳಬಹುದಾಗಿದ್ದ ಪತ್ರಗಳ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳೇ ಕಳ್ಳರಿಗೆ ಕೀಲಿಕೈಯಾದವೆಂಬುದು ತನಿಖೆಯಲ್ಲಿ ಹೊರಬಿದ್ದಿತು. ಬಳಿಕ ಅವನ್ನು ಮರೆಮಾಡುವ ಕ್ರಮವನ್ನು ಸರ್ಕಾರ ಕೈಗೊಂಡಿತು. ಅಷ್ಟರೊಳಗೆ ಹೊರಹೋದ ಪ್ರತಿಗಳನ್ನು ಹಿಂಪಡೆಯುವ ಉಪಾಯವಿಲ್ಲ.

ಎಇಪಿಎಸ್ ಎಂದು ಕರೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು, ಇಷ್ಟೇ ಸಾಕು. ಬ್ಯಾಂಕ್ ಶಾಖೆಯಿಲ್ಲದ ಊರಿನ ವೃದ್ಧರಿಗೆ ಪಿಂಚಣಿಯನ್ನು ಮನೆಬಾಗಿಲಿಗೆ ತಂದುಕೊಟ್ಟ ವ್ಯವಸ್ಥೆಯಿದು. ಅದನ್ನು ನಾನು ಹಳಿಯಲಾರೆ. ದೋಷವಿರುವುದು ಕಾಗದದ ಮೇಲಿನ ಗುರುತಿನಿಂದ ಸಿಲಿಕಾನ್‌ನಂತಹ ವಸ್ತುವಿನಲ್ಲಿ ಬೆರಳಿನ ಅಚ್ಚು ತಯಾರಿಸಬಹುದೆಂಬಲ್ಲಿ. ಮಣ್ಣಿನಲ್ಲಿ ಸವೆದ ನಿಜವಾದ ಬೆರಳನ್ನು ಯಂತ್ರವು ಎರಡು ಮೂರು ಬಾರಿ ತಿರಸ್ಕರಿಸುವುದುಂಟು; ನಕಲಿ ಅಚ್ಚಿಗೆ ಅದೇ ಯಂತ್ರ ಹಣ ಕೊಟ್ಟಿದೆ!

ಇದು ಪಟ್ಟಣದವರ ಸಂಗತಿಯೆಂದು ಬದಿಗಿಡುವಂತಿಲ್ಲ. ಕ್ರಯಪತ್ರ, ವಿಭಾಗಪತ್ರ, ಸಾಲದ ಅಡಮಾನ ಪತ್ರ ಎಂದು ರೈತರ ಹೆಬ್ಬೆಟ್ಟು ಹಲವು ಕಡತಗಳಲ್ಲಿ ಉಳಿದಿರುತ್ತದೆ. 2018ರಿಂದ ಸಹಾಯಧನದ ರಸಗೊಬ್ಬರವನ್ನು ಕೊಳ್ಳುವಾಗಲೂ ಸಾಮಾನ್ಯವಾಗಿ ಪಿಒಎಸ್ ಯಂತ್ರದ ಮೇಲೆ ಬೆರಳಿಡಬೇಕಾಗಿದೆ. ಪಾಸ್‌ವರ್ಡ್ ಬಯಲಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸವೆಂದರೆ ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಹಾಕುವುದು. ಇದಕ್ಕೆ ಶುಲ್ಕವಿಲ್ಲ. ಲಾಕ್ ಇರುವಷ್ಟು ಕಾಲ ಅಸಲಿ ಬೆರಳೂ ನಡೆಯದು, ನಕಲಿಯೂ ನಡೆಯದು. ಪಡಿತರ ತರುವಾಗ, ಗೊಬ್ಬರ ಕೊಳ್ಳುವಾಗ ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕು. ಇದು ತೊಡಕೇ, ಒಪ್ಪುತ್ತೇನೆ. ಬಿತ್ತನೆಯ ತರಾತುರಿಯಲ್ಲಿ ಬೇಸರ ತರಿಸುತ್ತದೆ. ಆದರೂ ವರ್ಷದಲ್ಲಿ ಕೆಲವೇ ಬಾರಿ ಬೆರಳೊತ್ತುವ ಕುಟುಂಬಕ್ಕೆ ಈ ತೊಡಕು ದೊಡ್ಡದಲ್ಲ. ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರದಿದ್ದರೆ ಲಾಕ್ ಹಾಕಲಾಗದು. ಅಂಥವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗುವುದು ಅನಿವಾರ್ಯ.

ಪರಿಕರ ಮಾರಾಟಗಾರರಿಗೆ ಒಂದು ಮಾತು. ಗ್ರಾಹಕರ ಆಧಾರ್ ಜೆರಾಕ್ಸ್ ಪ್ರತಿಗಳನ್ನು ಅಂಗಡಿಯ ಮೂಲೆಯಲ್ಲಿ ಕಟ್ಟುಕಟ್ಟಾಗಿ ಇಡುವ ರೂಢಿಯನ್ನು ಬಿಡಿ. ಅಗತ್ಯವಿಲ್ಲದವನ್ನು ಹರಿದು ನಾಶಪಡಿಸಿ. ಪಿಒಎಸ್ ಯಂತ್ರದ ಪಾಸ್‌ವರ್ಡನ್ನು ಯಂತ್ರದ ಬೆನ್ನಿಗೇ ಅಂಟಿಸಿದ ಅಂಗಡಿಗಳನ್ನು ನಾನು ಕಂಡಿದ್ದೇನೆ. ರೈತರೂ ಅಷ್ಟೆ: "ಇನ್ನೊಮ್ಮೆ ಒತ್ತಿ" ಎಂದಾಗ ಯಂತ್ರದ ಪರದೆಯಲ್ಲಿ ಏನಿದೆಯೆಂದು ಓದಿ, ಓದಲು ಬಾರದಿದ್ದರೆ ಓದಿಸಿಕೊಂಡು, ಬಳಿಕ ಬೆರಳಿಡಿ.

ಹಣ ಹೋದುದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಲಿಖಿತ ದೂರು ನೀಡಿ. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದಿದ್ದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳುವುದಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ತಡವಾದಷ್ಟೂ ಹೊಣೆ ನಿಮ್ಮ ಕಡೆಗೆ ವಾಲುತ್ತದೆ. ಮೊಬೈಲಿಗೆ ಸಂದೇಶ ಬಾರದವರು ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆಯಾದರೂ ನಮೂದು ಮಾಡಿಸಬೇಕು. ದೂರು ಕೊಟ್ಟವರು ಅದರ ಸ್ವೀಕೃತಿ ಸಂಖ್ಯೆಯನ್ನು ಪಡೆದುಕೊಂಡೇ ಶಾಖೆಯಿಂದ ಹೊರಬರುವುದು ಒಳಿತು.