ನಿಂತ ಲಾರಿ, ನಿಲ್ಲದ ಕಂತು

ಪುಣೆಯಿಂದ ಬೆಂಗಳೂರಿಗೆ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಖಂಬಾಟಕಿ ಘಾಟಿಯ ಏರಿನಲ್ಲಿ ಎಂಜಿನ್ ಕಾದು ನಿಂತ ಲಾರಿಗಳನ್ನು ವಾಚಕರು ಊರಿಗೆ ಹೋಗುವಾಗ ಕಂಡಿರಬಹುದು. ಅವುಗಳಲ್ಲಿ ಚಾಲಕನೇ ಮಾಲೀಕನಾಗಿರುವವೂ ಉಂಟು. ಊರಿನ ತುಂಡು ಜಮೀನು, ಹೆಂಡತಿಯ ಚಿನ್ನ, ಹೋಟೆಲಿನಲ್ಲಿ ದುಡಿಯುವ ತಮ್ಮನ ಉಳಿತಾಯ, ಇವಿಷ್ಟೂ ಆ ಒಂದು ಎಂಜಿನ್ನಿನಲ್ಲಿ ಅಡಗಿರುತ್ತವೆ.

ಹಿಂದೆ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯ ಮೇಸ್ತ್ರಿ ಎಂಜಿನ್ನಿನ ಸದ್ದು ಕೇಳಿಯೇ ರೋಗವನ್ನು ಹೇಳುತ್ತಿದ್ದನು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಬಳಿಕ ಹೊಗೆಯನ್ನು ಶುದ್ಧಗೊಳಿಸುವ ಯೂರಿಯಾ ದ್ರಾವಣ, ಸೆನ್ಸರುಗಳು, ಕಂಪ್ಯೂಟರು ಎಲ್ಲವೂ ಸೇರಿಕೊಂಡಿವೆ. ದ್ರಾವಣ ಕಲಬೆರಕೆಯಾದರೂ ಸಾಕು, ಕಂಪ್ಯೂಟರು ಎಂಜಿನ್ನಿನ ಶಕ್ತಿಯನ್ನು ತಾನಾಗಿ ಕುಗ್ಗಿಸುತ್ತದೆ. ಸ್ಕ್ಯಾನರ್ ಇಲ್ಲದ ಮೇಸ್ತ್ರಿ ನಿರುಪಾಯನು. ನಗರದ ಗಾಳಿಗೆ ಈ ನಿಯಮ ಹಿತಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹತ್ತು ಲಾರಿಗಳ ಸಾಹುಕಾರನು ಸಹಿಸಬಲ್ಲ ವೆಚ್ಚವು ಒಂಟಿ ಲಾರಿಯವನ ಬೆನ್ನು ಮುರಿಯುತ್ತದೆ.

ವಿಮೆಯಿದೆಯಲ್ಲವೇ ಎಂದು ಕೇಳುವವರುಂಟು. ಸಾಮಾನ್ಯ ಮೋಟಾರು ವಿಮೆಯು ಅಪಘಾತದ ನಷ್ಟವನ್ನು ಭರಿಸುತ್ತದೆಯೇ ಹೊರತು ಸವೆತವನ್ನಾಗಲಿ ಯಾಂತ್ರಿಕ ಕೆಡುಕನ್ನಾಗಲಿ ಭರಿಸದು. ಹೋಟೆಲಿನಲ್ಲಿ ಒಂದು ಒಲೆ ಕೆಟ್ಟರೆ ಇನ್ನೊಂದರ ಮೇಲೆ ಕಾಫಿ ಕಾಯಿಸಬಹುದು. ಲಾರಿಗೆ ಎರಡನೆಯ ಎಂಜಿನ್ ಇಲ್ಲ. ಲಾರಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಅಣ್ಣನ ಲಾರಿಗೆ ಜಾಮೀನು ನಿಲ್ಲುವ ನಮ್ಮ ಗುಮಾಸ್ತ ಮಿತ್ರರು ಇದನ್ನು ಅರಿಯಬೇಕು. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ರುಜು ಹಾಕುವ ಮುನ್ನ ವಾರಂಟಿಯ ಅವಧಿಯನ್ನೂ ಕಂತುಗಳ ಅವಧಿಯನ್ನೂ ಎದುರುಬದುರು ಇರಿಸಿ ನೋಡಲಿ. ವಾರಂಟಿ ಮುಗಿದ ಮೇಲೂ ಕಂತು ಉಳಿಯುವ ತಿಂಗಳುಗಳೆಷ್ಟೋ, ಅಷ್ಟು ತಿಂಗಳು ಆ ಎಂಜಿನ್ನಿನ ಭಾರ ಅವರ ಸಂಬಳದ ಮೇಲೂ ಇರುತ್ತದೆ.