ಗುಜರಿಗೆ ಹಾಕುವ ಮುನ್ನ ಒಂದು ಪೆನ್‌ಡ್ರೈವ್ ಚುಚ್ಚಿ ನೋಡಿ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಬಾಗಿಲು ಹಾಕಿತು. ಅಂದಿನಿಂದ ಕನಕಪುರ, ಸಾತನೂರು, ಹಾರೋಹಳ್ಳಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಹಳೇ ಲ್ಯಾಪ್‌ಟಾಪ್ ಹಿಡಿದು ಹೋದವರಿಗೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: "ಇದ್ಕೆ ಲೆವೆನ್ ಕೂರಕಿಲ್ಲ ಕಣಣ್ಣ. ಬಂದಷ್ಟಕ್ಕೆ ಕೊಟ್ಬುಟ್ಟು ಹೊಸದ್ ತಗೊ."

ಕೂರುವುದಿಲ್ಲ ಎನ್ನುವುದು ಸುಳ್ಳಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟು, ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಒರೆಸಿಕೊಂಡು, ನಮ್ಮೂರ ಡಿಗ್ರಿ ಹುಡುಗರ ಕೈಗೆ ಬಂದ ಎಷ್ಟೋ ಯಂತ್ರಗಳು ಈ ಒಂದೇ ಗೆರೆಯಲ್ಲಿ ಹೊರಗಾದವು. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಬೇಕಿದ್ದವರು ಮೈಕ್ರೋಸಾಫ್ಟ್ ಖಾತೆಗೆ ಯಂತ್ರವನ್ನು ಜೋಡಿಸಿ ಸೆಟ್ಟಿಂಗುಗಳನ್ನು ಅದರ ಕ್ಲೌಡಿಗೆ ಒಪ್ಪಿಸಬೇಕಿತ್ತು, ಇಲ್ಲವೇ 30 ಡಾಲರ್ ತೆರಬೇಕಿತ್ತು. ವಿಂಡೋಸ್ 10 ನಿಲ್ಲಿಸುವ ನಿರ್ಧಾರದಿಂದ ಜಗತ್ತಿನಾದ್ಯಂತ 24 ಕೋಟಿ ಕಂಪ್ಯೂಟರುಗಳು ಕಸದ ಗುಡ್ಡೆ ಸೇರಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಆ ಯಂತ್ರಗಳ ಕೀಲಿಮಣೆ ಸವೆದಿಲ್ಲ, ಪರದೆ ಒಡೆದಿಲ್ಲ. ಹಿಂದಿನ ದಿನದವರೆಗೆ ಬಿಲ್ ಹೊಡೆಯುತ್ತಿದ್ದವು, ಪಹಣಿ ಪ್ರಿಂಟ್ ತೆಗೆಯುತ್ತಿದ್ದವು.

ಇಂಥ ಯಂತ್ರಗಳಿಗೆ ಇನ್ನೊಂದು ದಾರಿಯಿದೆ: ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ. ಆದರೆ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಳ್ಳಿ ಎಂದರೆ ನಮ್ಮಲ್ಲಿ ಮೂರು ಆಕ್ಷೇಪಣೆ ಬರುತ್ತವೆ: ಅದರಲ್ಲಿ ಕನ್ನಡ ಬರುವುದಿಲ್ಲ, ಕಲಿತರೆ ಕೆಲಸ ಸಿಗುವುದಿಲ್ಲ, ಪುಕ್ಕಟೆ ಸಿಗುವುದರಲ್ಲಿ ಹುರುಳಿರುವುದಿಲ್ಲ. ಕೊನೆಯದಕ್ಕೆ ಉತ್ತರ ಸುಲಭ. ನಮ್ಮೂರಲ್ಲಿ ವಿಂಡೋಸ್ ಕೂಡ ಪುಕ್ಕಟೆಯೇ! ಸಾವಿರಾರು ರೂಪಾಯಿಯ ಲೈಸೆನ್ಸನ್ನು ಬಿಡಿಯಾಗಿ ಕೊಂಡು ಹಾಕಿಸಿಕೊಂಡವರನ್ನು ನಾನು ನೋಡಿದ್ದು ಕಡಿಮೆ. ಅಂಗಡಿಯವನು ಮುನ್ನೂರೋ ಐನೂರೋ ಇಸಿದುಕೊಂಡು ಕ್ರ್ಯಾಕ್ ಮಾಡಿದ್ದನ್ನು ಹಾಕುತ್ತಾನೆ, ಜೊತೆಗೆ ಅಪ್‌ಡೇಟನ್ನೂ ಆಫ್ ಮಾಡಿ ಕಳಿಸುತ್ತಾನೆ. ಬೀಗ ಒಡೆದು ಒಳಗೆ ಹೋದ ಮನೆಗೆ ಕಾವಲು ಸಿಗಲಿಲ್ಲವೆಂದು ದೂರುವ ಹಾಗಿದೆ ನಮ್ಮ ವರಸೆ. ಕ್ರ್ಯಾಕ್ ಮಾಡಲು ಬಳಸುವ ಆ ಪುಟ್ಟ ಪ್ರೋಗ್ರಾಂ ತನ್ನ ಜೊತೆ ಇನ್ನೇನನ್ನು ಒಳಗೆ ಬಿಟ್ಟಿದೆ ಎಂದು ಹಾಕಿದವನಿಗೂ ಗೊತ್ತಿರುವುದಿಲ್ಲ. ಆ ಲ್ಯಾಪ್‌ಟಾಪಿನಲ್ಲೇ ನಾವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೇವೆ.

ಕನ್ನಡ ಬರುವುದಿಲ್ಲ ಎನ್ನುವ ಮಾತಿಗೆ ಮಾತ್ರ ವಿವರವಾಗಿಯೇ ಉತ್ತರಿಸಬೇಕು. ಮೊದಲು ನೀವೇ ನೋಡಿ. ಲಿನಕ್ಸಿನ ಬಗೆಗಳಾದ ಉಬುಂಟು ಆಗಲಿ, ಲಿನಕ್ಸ್ ಮಿಂಟ್ ಆಗಲಿ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಎಂಟು ಜಿಬಿಯ ಪೆನ್‌ಡ್ರೈವಿಗೆ ರೂಫಸ್ ಎಂಬ ಸಣ್ಣ ತಂತ್ರಾಂಶದಿಂದ ಐಎಸ್‌ಒ ಕಡತವನ್ನು ಬರೆದು, ಯಂತ್ರ ಆನ್ ಮಾಡಿದ ತಕ್ಷಣ ಎಫ್12 ಒತ್ತಿದರೆ (ಕೆಲವು ಕಂಪನಿಯವಕ್ಕೆ ಎಫ್9, ಕೆಲವಕ್ಕೆ ಎಸ್ಕೇಪ್) ಯಾವುದರಿಂದ ಶುರುವಾಗಲಿ ಎಂದು ಕೇಳುತ್ತದೆ. ಹಾರ್ಡ್‌ಡಿಸ್ಕಿನಲ್ಲಿರುವ ಮದುವೆ ಫೋಟೋ, ಮಾರ್ಕ್ಸ್ ಕಾರ್ಡು ಯಾವುದಕ್ಕೂ ಕೈ ಹಚ್ಚದೆ ಇಡೀ ವ್ಯವಸ್ಥೆ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ವೈಫೈ ಹಿಡಿಯುತ್ತದೋ, ಸೌಂಡ್ ಬರುತ್ತದೋ ಅಲ್ಲೇ ನೋಡಿಕೊಳ್ಳಬಹುದು. ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು.

ಅಲ್ಲಿ ಕೀಬೋರ್ಡ್ ಪಟ್ಟಿಗೆ ಹೋಗಿ ಕನ್ನಡ ಹುಡುಕಿದರೆ 'ಕಗಪ' ಎಂಬ ಆಯ್ಕೆ ಸಿಗುತ್ತದೆ. ಕಗಪ ಅಂದರೆ ನಮ್ಮ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶದ ಮೂಲಕ ತಾಲ್ಲೂಕು ಕಚೇರಿಯ ಗುಮಾಸ್ತರ ಬೆರಳಿಗೆ ಅಂಟಿದ ಅದೇ ವಿನ್ಯಾಸ. 'ಕೆ' ಒತ್ತಿದರೆ ಕ, 'ಜಿ' ಒತ್ತಿದರೆ ಗ, ಒತ್ತಕ್ಷರಕ್ಕೆ ನಡುವೆ ಒಂದು 'ಎಫ್'. ಬೇರೆ ತಂತ್ರಾಂಶ ಇಳಿಸಿಕೊಳ್ಳುವ ತಾಪತ್ರಯವಿಲ್ಲ, ವ್ಯವಸ್ಥೆಯ ಒಳಗೇ ಇದೆ. ಅಷ್ಟೇ ಅಲ್ಲ, ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿನ ಮುಂದೆಯೂ ಕಗಪ ಎಂಬ ಹೆಸರಿದೆ. ಕನ್ನಡದವರು ಕಟ್ಟಿದ ವಿನ್ಯಾಸವನ್ನು ಬೇರೆ ಭಾಷೆಯವರೂ ಬಳಸಲೆಂದು ಲಿನಕ್ಸಿನವರು ಎತ್ತಿಟ್ಟುಕೊಂಡಿದ್ದಾರೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ಎಂಬ ಲಿನಕ್ಸ್ ಬಗೆಯ ತಂತ್ರಾಂಶ ಭಂಡಾರದಲ್ಲಿವೆ. ಇಷ್ಟೆಲ್ಲ ಇದ್ದೂ 'ಲಿನಕ್ಸಲ್ಲಿ ಕನ್ನಡ ಇಲ್ಲ' ಎನ್ನುವ ಮಾತು ಹೇಗೆ ಹಬ್ಬಿತು?

ಹಬ್ಬಿಸಿದ್ದು ನಮ್ಮದೇ ಕಚೇರಿಗಳ ಕಡತಗಳು. ನುಡಿಯ ಹಳೇ ಆಸ್ಕಿ ಫಾಂಟುಗಳಲ್ಲಿ ಒಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿರುತ್ತಾರೆ. ನಾವು 'ಕನ್ನಡ' ಎಂದು ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ದೊಡ್ಡ 'ಪಿ', ತಲೆಯ ಮೇಲೆ ಗೀರು ಹೊತ್ತ 'ಎ', ಅದರ ಪಕ್ಕ ಬ್ರಿಟಿಷರ ಪೌಂಡಿನ ಗುರುತು ಕಾಣಿಸುತ್ತವೆ. ಸುತ್ತೋಲೆಯನ್ನು ಹೀಗೆ ಕಂಡವನು ಲಿನಕ್ಸನ್ನೇ ಬೈಯುತ್ತಾನೆ. ಫಾಂಟ್ ಇಲ್ಲದಿದ್ದರೆ ವಿಂಡೋಸಿನಲ್ಲೂ ಇದೇ ಗತಿ ಎಂದು ಅವನಿಗೆ ಹೊಳೆಯುವುದಿಲ್ಲ.

ಡಾ. ಚಿದಾನಂದ ಗೌಡರ ಅಧ್ಯಕ್ಷತೆಯ ತಂತ್ರಾಂಶ ಸಮಿತಿ ದುಡಿದ ಮೇಲೆ, 2012ರಲ್ಲಿ ಸರ್ಕಾರ ಯೂನಿಕೋಡನ್ನೇ ಶಿಷ್ಟತೆಯೆಂದು ಒಪ್ಪಿಕೊಂಡಿತು. ಯೂನಿಕೋಡಿನಲ್ಲಿ ಬರೆದದ್ದು ಫೋನಿನಲ್ಲೂ ಕನ್ನಡ, ಲಿನಕ್ಸಿನಲ್ಲೂ ಕನ್ನಡ. ಹತ್ತು ವರ್ಷ ದಾಟಿದ ಮೇಲೂ ಹಳೇ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಅರ್ಜಿ ನಮೂನೆ, ಆಹ್ವಾನ ಪತ್ರಿಕೆ, ನಡಾವಳಿಗಳು ಕಚೇರಿಯಿಂದ ಕಚೇರಿಗೆ ಓಡಾಡುತ್ತಿವೆ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಬೋರ್ಡು, ಮೊಹರು, ಲೆಟರ್‌ಹೆಡ್ಡು ಎಲ್ಲ ಬದಲಾಗಬೇಕಾಯಿತು. ಹೆಸರು ತಿದ್ದಲು ತೆರೆದ ಕಡತವನ್ನು ಅದೇ ಕೈಯಲ್ಲಿ ಯೂನಿಕೋಡಿಗೆ ತಿರುಗಿಸಿ ಉಳಿಸಿ ಎಂದು ಒಂದು ಸಾಲಿನ ಆದೇಶ ಹೊರಡಿಸಿದ್ದರೆ ಖರ್ಚು ಏನಿತ್ತು? ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರು ಬರೆದು, ಮೂಲ ಸಂಕೇತ ಸಮೇತ ಪುಕ್ಕಟೆ ಕೊಟ್ಟು ಎಷ್ಟೋ ವರ್ಷವಾಯಿತು. ಜಿಲ್ಲೆಯ ಹೆಸರಿಗಾಗಿ ಇಷ್ಟು ಹಟ ಹಿಡಿದ ಡಿ.ಕೆ. ಶಿವಕುಮಾರ್ ಅವರ ಸ್ವಂತ ಕ್ಷೇತ್ರ ನಮ್ಮ ಕನಕಪುರ. ಇಂಥ ಆದೇಶ ಇಲ್ಲಿಂದಲೇ ಶುರುವಾಗಿದ್ದರೆ ಶೋಭೆಯಿತ್ತು.

ಇನ್ನು ಕೆಲಸ ಸಿಗುವುದಿಲ್ಲ ಎನ್ನುವವರು ಒಮ್ಮೆ ಕಾಸರಗೋಡಿಗೆ ಹೋಗಿ ಬರಲಿ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರು ಮಾಡಿ, ಮುಂದೆ ಸರ್ಕಾರಿ ಶಾಲೆಗಳನ್ನು ಪೂರ್ತಿ ಲಿನಕ್ಸಿನಂಥ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನು ಶಾಲೆಗೆ ಒಗ್ಗುವಂತೆ ತಿದ್ದಿ, ಎರಡು ಲಕ್ಷಕ್ಕೂ ಮೀರಿದ ಕಂಪ್ಯೂಟರುಗಳಿಗೆ ಹಂಚುತ್ತದೆ. ಹತ್ತನೇ ತರಗತಿಯ ಐಟಿ ಪರೀಕ್ಷೆ ನಡೆಯುವುದೂ ಅದರಲ್ಲೇ. ಪಠ್ಯಪುಸ್ತಕ ಮಲಯಾಳದಲ್ಲಿ ಮಾತ್ರವಲ್ಲ, ಕನ್ನಡದಲ್ಲೂ ಇದೆ. ಕಾಸರಗೋಡಿನ ಕನ್ನಡ ಶಾಲೆಗಳ ಸಂಕಟದ ಬಗ್ಗೆ ನಾವು ಕಣ್ಣೀರು ಹಾಕುತ್ತೇವೆ, ಹಾಕಬೇಕಾದದ್ದೇ. ಆದರೆ ಅಲ್ಲಿನ ಕನ್ನಡ ಮಾಧ್ಯಮದ ಮಗು ಕನ್ನಡ ಪುಸ್ತಕ ಓದಿಕೊಂಡು ಲಿನಕ್ಸಿನಲ್ಲಿ ಪರೀಕ್ಷೆ ಬರೆಯುತ್ತದೆ. ಕನಕಪುರದ ಮಗುವಿಗೆ ಆ ಭಾಗ್ಯವಿಲ್ಲ. ತಲೆ ತಗ್ಗಿಸಬೇಕಾದವರು ಯಾರು?

ಶಾಲೆಗಳಲ್ಲಿ ಮುಕ್ತ ತಂತ್ರಾಂಶ ಬಳಸಿದ್ದರಿಂದ 3,000 ಕೋಟಿ ಉಳಿಯಿತೆಂದು 2019ರಲ್ಲಿ ಕೇರಳದವರು ಹೇಳಿಕೊಂಡರು. ಆ ಲೆಕ್ಕ ಒಂದೊಂದು ಯಂತ್ರಕ್ಕೂ ಒಂದೂವರೆ ಲಕ್ಷದ ತಂತ್ರಾಂಶ ಬೇಕಾಗುತ್ತಿತ್ತು ಎಂಬ ಊಹೆಯ ಮೇಲೆ ನಿಂತದ್ದು. ಅಷ್ಟು ದುಬಾರಿ ತಂತ್ರಾಂಶವನ್ನು ಯಾವ ಸರ್ಕಾರಿ ಶಾಲೆಯೂ ಹೇಗೂ ಕೊಳ್ಳುತ್ತಿರಲಿಲ್ಲ. ಆ ಅಂಕಿ ಪಕ್ಕಕ್ಕಿರಲಿ, ಮಕ್ಕಳು ಕಲಿತದ್ದು ಸಾಕು. ನಮ್ಮಲ್ಲೂ ಈ ದಾರಿ ಹೊಸತೇನಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಹೈಸ್ಕೂಲು ಶಿಕ್ಷಕರಿಗೆ ಉಬುಂಟುವಿನಲ್ಲೇ ತರಬೇತಿ ಕೊಟ್ಟಿತ್ತು. ಕೇರಳ ಸರ್ಕಾರಗಳು ಬದಲಾದರೂ ಹಟ ಬಿಡಲಿಲ್ಲ, ನಾವು ಒಂದು ಯೋಜನೆಯ ಗಡುವು ಮುಗಿದರೆ ಸಾಕೆಂದು ಮರೆತೆವು.

ಕೆಲಸದ ಮಾತನ್ನೇ ಆಡುವುದಾದರೆ, ಜಗತ್ತಿನ ಅತಿವೇಗದ ಐನೂರು ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಅಲ್ಲದೆ ಬೇರೆ ಇಲ್ಲ. ಬೆಂಗಳೂರಿನ ಕಂಪನಿಗಳಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೋದ ಹುಡುಗನಿಗೆ ಕಪ್ಪು ಪರದೆಯ ಟರ್ಮಿನಲ್ ಹೊಸದಾಗಿರಬಾರದು. ನಮ್ಮ ಜನಕ್ಕೆ ಹತ್ತುವುದಿಲ್ಲ ಎನ್ನುವ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಬಂದಾಗಲೂ ಇದೇ ಮಾತಿತ್ತು. ಇವತ್ತು ರೀಲರುಗಳು ಮೊಬೈಲಿನಲ್ಲೇ ಬಿಡ್ ಕೂಗುತ್ತಾರೆ. ಅವರ ಕೈಲಿರುವ ಆಂಡ್ರಾಯ್ಡ್ ಫೋನಿನ ತಿರುಳೇ ಲಿನಕ್ಸ್.

ನನ್ನ ಕಡೆಯವರೂ ಒಂದಿಷ್ಟು ಪ್ರಾಮಾಣಿಕರಾಗಬೇಕು. ಎಲ್ಲರೂ ನಾಳೆ ಬೆಳಗ್ಗೆಯೇ ವಿಂಡೋಸ್ ಅಳಿಸಿ ಎಂದು ಹೇಳುವ ಭಕ್ತರು ಕನಕಪುರದ ಜೆರಾಕ್ಸ್ ಅಂಗಡಿಗೆ ಕಾಲಿಟ್ಟವರಲ್ಲ. ಅಲ್ಲಿ ಕೂತಿರುವುದು ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್. ಗಟ್ಟಿಮುಟ್ಟು, ಸಾಯುವುದೇ ಇಲ್ಲ, ಆದರೆ ಲಿನಕ್ಸಿಗೆ ಅದನ್ನು ಒಗ್ಗಿಸುವುದು ಹರಸಾಹಸ. ಡಿಟಿಪಿ ಮಾಡುವವರ ಇಪ್ಪತ್ತು ವರ್ಷದ ಲಗ್ನಪತ್ರಿಕೆಗಳು ಪೇಜ್‌ಮೇಕರ್, ಕೋರೆಲ್ ಡ್ರಾನಲ್ಲಿವೆ. ಇಂಕ್‌ಸ್ಕೇಪ್, ಸ್ಕ್ರೈಬಸ್ ಒಳ್ಳೆಯವೇ, ಆದರೆ ನಾಳೆಯೇ ಮುಹೂರ್ತ ಎಂದು ಕೂತ ಗಿರಾಕಿಯ ಮುಂದೆ ಹೊಸದು ಕಲಿಯಲು ಆಗುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ಕೂಡ ವಿಂಡೋಸಿಗೇ ಕಟ್ಟಿದ್ದು. ಗ್ರಾಮ ಒನ್ ಕೇಂದ್ರದವನಿಗೆ ಸೇವಾ ಸಿಂಧು ಬ್ರೌಸರಿನಲ್ಲಿ ತೆರೆಯುತ್ತದೆ, ಆದರೆ ಆಧಾರ್ ಬೆರಳಚ್ಚು ಯಂತ್ರದ ಆರ್‌ಡಿ ಸರ್ವಿಸ್ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡಿಗೆ ಬರೆದದ್ದು. ಇವರ್ಯಾರಿಗೂ ನಾನು ಲಿನಕ್ಸ್ ಹಾಕಿಕೊಳ್ಳಿ ಎನ್ನುವುದಿಲ್ಲ.

ಜರ್ಮನಿಯ ಮ್ಯೂನಿಕ್ ನಗರಸಭೆ ಸುಮಾರು ಹದಿನೈದು ಸಾವಿರ ಕಂಪ್ಯೂಟರುಗಳನ್ನು ಲಿನಕ್ಸಿಗೆ ತಂದು, 2017ರಲ್ಲಿ ವಿಂಡೋಸಿಗೆ ಮರಳುವ ನಿರ್ಧಾರ ಮಾಡಿದ್ದೂ ನಿಜ. ವಿರೋಧಿಗಳು ಇದನ್ನು ಬಾಯಿಪಾಠ ಮಾಡಿಟ್ಟುಕೊಂಡಿರುತ್ತಾರೆ. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಮೂವತ್ತು ಸಾವಿರ ಯಂತ್ರಗಳನ್ನು ಲಿಬ್ರೆ ಆಫೀಸ್ ಮತ್ತು ಲಿನಕ್ಸಿಗೆ ತರುವ ತೀರ್ಮಾನ ಮಾಡಿದ್ದನ್ನು ಮಾತ್ರ ಹೇಳುವುದಿಲ್ಲ. ಒಂದೇ ಕಂಪನಿಯನ್ನು ನೆಚ್ಚಿ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ, 2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ಕಾರಣಕ್ಕೆ ನಯಾರಾ ಎನರ್ಜಿ ಎಂಬ ಭಾರತದ ತೈಲ ಕಂಪನಿಯ ಇಮೇಲ್, ಕಡತಗಳನ್ನು ಮೈಕ್ರೋಸಾಫ್ಟ್ ತಡೆಹಿಡಿಯಿತು. ಕಂಪನಿ ದೆಹಲಿ ಹೈಕೋರ್ಟಿಗೆ ಓಡಿತು, ಆಮೇಲೆ ಸೇವೆ ಮರಳಿತು. ದುಡ್ಡು ಕೊಟ್ಟ ದೊಡ್ಡ ಗಿರಾಕಿಯ ಕಥೆಯೇ ಹೀಗೆ.

ಬದಲಾವಣೆ ಶುರುವಾಗಬೇಕಾದದ್ದು ಸರ್ಕಾರ ಕೊಳ್ಳುವ ಜಾಗದಲ್ಲಿ. ಕೇಂದ್ರದ 2015ರ ನೀತಿಯ ಪ್ರಕಾರ ಸರ್ಕಾರಿ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು, ಕೊಡದಿದ್ದರೆ ಕಾರಣ ಹೇಳಬೇಕು. ನಮ್ಮ ರಾಜ್ಯವೂ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಡಾಂಗಲ್, ಪ್ರಿಂಟರ್ ಕೊಳ್ಳುವ ಟೆಂಡರಿನಲ್ಲಿ 'ಲಿನಕ್ಸ್ ಡ್ರೈವರ್ ಕಡ್ಡಾಯ' ಎಂದು ಬರೆದರೆ ಮಾರುವವರು ತಾವಾಗಿಯೇ ಬರೆದುಕೊಡುತ್ತಾರೆ, ಸಾವಿರಗಟ್ಟಲೆ ಆರ್ಡರ್ ಬಿಡುವ ಮೂರ್ಖರು ಯಾರೂ ಇಲ್ಲ. ಶಾಲೆಗಳ ಲ್ಯಾಬಿನಲ್ಲಿ ಈಗ 'ನಿರುಪಯುಕ್ತ' ಎಂಬ ಚೀಟಿ ಅಂಟಿಸಿಕೊಳ್ಳಲು ಕಾಯುತ್ತಿರುವ ಯಂತ್ರಗಳನ್ನು ಹರಾಜಿಗೆ ಕಳಿಸುವ ಮೊದಲು ಲಿನಕ್ಸ್ ಮಿಂಟ್ ಹಾಕಿ ಪರೀಕ್ಷಿಸಿದ ವರದಿ ಬೇಕೆಂದು ಕೇಳಲಿ. ಅದಕ್ಕೆ ಎರಡು ಜಿಬಿ ರ‍್ಯಾಮ್ ಇದ್ದರೂ ಏಳುತ್ತದೆ, ನಾಲ್ಕಿದ್ದರೆ ಚೆನ್ನ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಹೊಸದರ ಹಾಗೆ ಓಡುತ್ತದೆ. ಹಾಕುವವರು ಯಾರು ಅಂತೀರಾ? ನಮ್ಮ ಕನಕಪುರದ ರೂರಲ್ ಕಾಲೇಜಿನಿಂದ ಹಿಡಿದು ತಾಲ್ಲೂಕಿನಲ್ಲಿ ಕಂಪ್ಯೂಟರ್ ಓದುವ ಹುಡುಗರಿಗೆ ಬರವೇ? ಪ್ರಾಜೆಕ್ಟ್ ವರ್ಕ್ ಹೆಸರಲ್ಲಿ ಬೆಂಗಳೂರಿನಿಂದ ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದು ಒಪ್ಪಿಸುವ ಬದಲು, ಒಬ್ಬೊಬ್ಬರು ಒಂದೊಂದು ಸರ್ಕಾರಿ ಶಾಲೆಯ ಲ್ಯಾಬ್ ಎಬ್ಬಿಸಿ ಬಂದರೆ ಅದಕ್ಕೇ ಅಂಕ ಕೊಡಲಿ. ವಿಶ್ವವಿದ್ಯಾಲಯದವರು ಸಿಲಬಸ್ಸಿನಲ್ಲಿ ಜಾಗವಿಲ್ಲ ಎನ್ನುತ್ತಾರೆ. ಎಂಎಸ್ ಆಫೀಸಿಗೆ ಮೀಸಲಿಟ್ಟ ಪುಟಗಳಲ್ಲಿ ಅರ್ಧ ತೆಗೆದರೆ ಜಾಗ ತಾನೇ ಆಗುತ್ತದೆ.